ಕೇಳಿಸದವನ ಓಟ

ಕರ್ಟಿಸ್ ಹಾಲ್ವರ್ಸನ್ನನ ಎಡಗಿವಿಯನ್ನು ಮಾಡುತ್ತಿದ್ದಾಗ ದೇವರನ್ನು ಯಾರೋ ಹೊರಗಿನಿಂದ ಕೂಗಿ ಕರೆದಿರಬೇಕು. ಬಲಗಿವಿ ಅಚ್ಚುಕಟ್ಟಾಗಿತ್ತು. ಎಡಗಿವಿಯ ತೂತು ಮಾತ್ರ ಒಂದು ಸುತ್ತು ದೊಡ್ಡದಾಗಿ, ಮಕ್ಕಳ ಜಾರುಬಂಡೆಯ ಹಾಗೆ ಹೊರಕ್ಕೆ ಇಳಿಜಾರಾಗಿ ಉಳಿದುಬಿಟ್ಟಿತ್ತು. ಅದರಲ್ಲಿ ಏನು ತುರುಕಿದರೂ ನಿಲ್ಲುತ್ತಿರಲಿಲ್ಲ. ಜೂನ್ ತಿಂಗಳ ಆ ಶನಿವಾರ ಬೆಳಿಗ್ಗೆ ಪೆರ್ಚ್ ಕೆರೆಯ ಸುತ್ತ ಓಡುತ್ತಿದ್ದಾಗ ಅವನ ಎಡಗಿವಿಯ ಇಯರ್‌ಬಡ್ಡು ಬೆವರಿಗೆ ಜಾರಿ, ಕಾಲುದಾರಿಯ ಮೇಲೆ ಪುಟಿದು, ಒಂದು ಹೆಬ್ಬಾತಿನ ಮುಂದೆ ಹೋಗಿ ನಿಂತಿತು. ಹೆಬ್ಬಾತು ಅದನ್ನೊಮ್ಮೆ ನೋಡಿತು. ಕರ್ಟಿಸ್‌ನನ್ನೊಮ್ಮೆ ನೋಡಿತು. ಆಮೇಲೆ ನುಂಗಿತು.

ಬೇರೆ ದಿನವಾಗಿದ್ದರೆ ಕರ್ಟಿಸ್ ನಾಲ್ಕು ಮಾತು ಬೈದು ಮನೆಗೆ ಹೋಗಿರುತ್ತಿದ್ದ. ಆದರೆ ಅವತ್ತು ಕಿವಿ ತೆರೆದುಕೊಂಡು ಹೊರಗೆ ತಿರುಗುವುದೆಂದರೆ ಮೈಗೆಲ್ಲ ಉಪ್ಪು ಖಾರ ಸವರಿಕೊಂಡು ಹುಲಿಯ ಗವಿಗೆ ಹೋದ ಹಾಗೆ.

ಅದಕ್ಕೆ ಕಾರಣ ಕೆರೆ ಸುತ್ತಿನ ಓಟ. ಪ್ರತಿ ಶರತ್ಕಾಲದಲ್ಲಿ ಊರಿಗೆ ಊರೇ ಎದೆಗೆ ಅಂಕಿ ಕಟ್ಟಿಕೊಂಡು ಕೆರೆ ಸುತ್ತುತ್ತದೆ. ಅದನ್ನು ನಡೆಸಲು ಒಬ್ಬ ಅಧ್ಯಕ್ಷ ಬೇಕು. ಅಧ್ಯಕ್ಷನಾದವನು ಬೇಸಿಗೆಯಿಡೀ ಬಾಳೆಹಣ್ಣಿಗೆ, ಡೇರೆಗೆ, ಪೊಲೀಸರ ಅಪ್ಪಣೆಗೆ ಅಲೆಯಬೇಕು. ಎಲ್ಲರ ದೂರನ್ನೂ ಕೇಳಬೇಕು. ಓಟದ ದಿನ ತಾನೊಬ್ಬ ಓಡದೆ ಧ್ವನಿವರ್ಧಕ ಹಿಡಿದು ನಿಲ್ಲಬೇಕು. ಹೋದ ವರ್ಷದ ಅಧ್ಯಕ್ಷ ಬಾಡಿಗೆಗೆ ಹೇಳಿದ್ದ ಶೌಚಾಲಯಗಳು ಓಟದ ಮಾರನೆಯ ದಿನ ಬಂದವು. ಆ ಮನುಷ್ಯ ಇವತ್ತಿಗೂ ದಿನಸಿ ತರಲು ಪಕ್ಕದ ಊರಿಗೆ ಹೋಗುತ್ತಾನೆ.

ಕರ್ಟಿಸ್‌ನದು ವಿಮಾ ಕಚೇರಿಯಲ್ಲಿ ದಿನವಿಡೀ ಫೋನು ಹಿಡಿದು, ಆಲಿಕಲ್ಲು ಬಿದ್ದು ಒಡೆದ ಛಾವಣಿಗಳ ಕತೆ ಕೇಳುವ ಕೆಲಸ. ಬೆಳಗಿನ ಓಟವೊಂದೇ ಯಾರ ಛಾವಣಿಯೂ ಇಲ್ಲದ ಹೊತ್ತು. ಕಿವಿಯೊಳಗೆ ಮಳೆಯ ಸದ್ದು ಹಾಕಿಕೊಂಡು, ಯಾವ ಮನುಷ್ಯನ ದನಿಯೂ ಇಲ್ಲದ ಲೋಕದಲ್ಲಿ ಓಡುವ ಆ ಸುಖದ ಬಲದಿಂದ ಅವನು ಇಡೀ ದಿನ ಬದುಕಿರುತ್ತಿದ್ದ. ಅಧ್ಯಕ್ಷನಾದರೆ ಅದೂ ಹೋದ ಹಾಗೆ.

ಹಾಗಿದ್ದರೆ ಆಗುವುದಿಲ್ಲ ಎಂದು ಹೇಳಿದರಾಯಿತಲ್ಲ ಎಂದು ನೀವು ಕೇಳಬಹುದು. ಮಿನೆಸೋಟಾದ ಆ ಊರಿನಲ್ಲಿ ಯಾರೂ ಯಾರಿಗೂ ಆಗುವುದಿಲ್ಲ ಎಂದಿದ್ದಿಲ್ಲ. ಬೇಕು ಎಂದೂ ಬಾಯಿಬಿಡುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ, ಎರಡೂ ಒರಟುತನ. ಅಂಥ ಊರಿನಲ್ಲಿ ಬದುಕಿ ಉಳಿಯಬೇಕಾದರೆ ಪ್ರಶ್ನೆಯನ್ನೇ ಕೇಳಿಸಿಕೊಳ್ಳಬಾರದು. ಕೇಳದೆ ಯಾರ ತಲೆಗೂ ಯಾವುದನ್ನೂ ಕಟ್ಟುವಂತಿಲ್ಲ, ಇದು ಅಲ್ಲಿನ ಧರ್ಮ. ಓಡುತ್ತಿರುವವರನ್ನು ನಿಲ್ಲಿಸುವಂತಿಲ್ಲ, ಕಿವಿಗೆ ಹಾಕಿಕೊಂಡವರನ್ನು ಮಾತಾಡಿಸುವಂತಿಲ್ಲ, ಇದೂ ಧರ್ಮವೇ. ಆದರೆ ಬಾಗಿಲು ತಟ್ಟಿದವರ ಕೈಯಲ್ಲಿ ಸಿಹಿಯ ತಟ್ಟೆಯಿದ್ದರೆ ಬಾಗಿಲು ತೆರೆಯದೆ ಇರುವಂತಿಲ್ಲ.

ಕರ್ಟಿಸ್ ಏದುಸಿರು ಬಿಡುತ್ತ ಮನೆಗೆ ಬಂದಾಗ ಹೆಂಡತಿ ಲವಾನ್ ಕಾಫಿ ಕುಡಿಯುತ್ತಿದ್ದಳು. ಚರ್ಚಿನ ಅಡುಗೆಮನೆಯಿಂದ ಹಿಂದಿನ ದಿನ ಸುದ್ದಿ ತಂದವಳೇ ಅವಳು: ಸಮಿತಿಯವರು ಕರ್ಟಿಸ್‌ನ ಹೆಸರು ಬರೆದುಕೊಂಡಿದ್ದಾರೆ, ಶನಿವಾರ ಸಂಜೆ ಚರ್ಚಿನ ಊಟದಲ್ಲಿ ಅಧ್ಯಕ್ಷರ ಹೆಸರು ಸಾರಬೇಕು, ಅದರೊಳಗೆ ಪಕ್ಕದ ಮನೆಯ ಮಾರ್ಲಿಸ್ ಬಂದು ಅವನನ್ನು ಕೇಳುತ್ತಾರೆ ಎಂದು.

"ಬಾತು ನುಂಗ್ತು," ಅಂದ ಕರ್ಟಿಸ್.

"ಯಾವುದನ್ನ?"

"ಎಡಗಿವೀದನ್ನ."

"ಪುಣ್ಯವಂತ ಬಾತು. ಇನ್ಮೇಲೆ ಹೊಟ್ಟೆ ಒಳಗೇ ಮಳೆ."

"ನಗಬೇಡ. ಸಂಜೆವರೆಗೂ ನಾನು ಮನೇಲಿರಲ್ಲ. ಓಡ್ತಾನೇ ಇರ್ತೀನಿ."

"ಮೂರು ಮೈಲಿಗೆ ಮೊಣಕಾಲಿಗೆ ಐಸ್ ಕಟ್ಕೊಳ್ಳೋನು ಸಂಜೆವರೆಗೆ ಓಡ್ತೀಯಾ? ಇಲ್ಲ ಅಂತ ಒಂದು ಮಾತು ಹೇಳಿಬಿಡು ಕರ್ಟ್. ನಾಲಿಗೆ ಉದುರಿ ಹೋಗಲ್ಲ."

"ನೀನು ಹೇಳಿದೀಯಾ ಯಾವತ್ತಾದ್ರೂ?"

ಲವಾನ್ ಕಪ್ಪು ಕೆಳಗಿಟ್ಟು ಯೋಚಿಸಿದಳು. "ನಿನಗೆ ಹೇಳಿದೀನಿ," ಅಂದಳು. "ಹೊರಗಿನವರಿಗೆ ಹೇಗೆ ಹೇಳೋದು?"

ಅಷ್ಟರಲ್ಲಿ ಪರದೆಯ ಸಂದಿಯಿಂದ ಮಾರ್ಲಿಸ್ ಕಾಣಿಸಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಡಿಗೆಯಲ್ಲಿ ಇನ್ನೂ ಗಂಟೆ ಬಾರಿಸಿದ ಸದ್ದಿತ್ತು. ಕೈಯಲ್ಲಿ ಮುಚ್ಚಿದ ತಟ್ಟೆ. ಕರ್ಟಿಸ್ ಹಿತ್ತಿಲ ಬಾಗಿಲಿನಿಂದ ಹಾರಿದ. ಅವನ ಬೆನ್ನಿಗೆ ಲವಾನ್‌ಳ ದನಿ ಕೇಳಿಸಿತು: "ಬನ್ನಿ ಬನ್ನಿ ಮಾರ್ಲಿಸ್, ಅಯ್ಯೋ ಇದೆಲ್ಲ ಯಾಕೆ ತರೋಕೆ ಹೋದ್ರಿ. ಕರ್ಟಿಸಾ? ಈಗಷ್ಟೇ ಓಡೋಕೆ ಹೋದ. ಏನೋ ಹುಚ್ಚು ಹಿಡಿದಿದೆ."

ಬೇಲಿಯಾಚೆ ಗಾರ್ಡಿಯ ಗ್ಯಾರೇಜು. ಗಾರ್ಡಿ ಓಡಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಓಟದ ಬಗ್ಗೆ ಅವನಿಗೆ ಗೊತ್ತಿಲ್ಲದ್ದೂ ಇರಲಿಲ್ಲ. ಲೋಕದಲ್ಲಿ ಎಷ್ಟು ಬಗೆಯ ಮೊಳೆಗಳಿವೆಯೋ ಅಷ್ಟೂ ಅವನ ಗೋಡೆಯ ಮೇಲೆ ಡಬ್ಬಿ ಡಬ್ಬಿಯಲ್ಲಿದ್ದವು. ಕರ್ಟಿಸ್ ತನ್ನ ಕಿವಿಯ ಕಷ್ಟ ಹೇಳಿಕೊಂಡ. ಮಾರ್ಲಿಸ್‌ರಿಂದ ಬಂದ ಕಷ್ಟ ಹೇಳಲಿಲ್ಲ.

ಗಾರ್ಡಿ ಟಾರ್ಚು ತಂದು ಅವನ ಎಡಗಿವಿಯೊಳಗೆ ಬೆಳಕು ಬಿಟ್ಟು ನೋಡಿದ. "ಇದು ಕಿವಿ ಅಲ್ಲ ಮಾರಾಯ, ಚರಂಡಿ ಬಾಯಿ. ಇದರೊಳಗೆ ತುರುಕೋದೆಲ್ಲ ದಂಡ. ಮೇಲಿಂದ ಮುಚ್ಚಬೇಕು. ಪಾತ್ರೆಗೆ ಮುಚ್ಚಳ ಹಾಕ್ದಂಗೆ."

ಅವನು ಕಪಾಟಿನ ತಲೆಯಿಂದ ಇಳಿಸಿದ್ದು ಹುಲ್ಲು ಕತ್ತರಿಸುವಾಗ ತಾನು ಹಾಕಿಕೊಳ್ಳುತ್ತಿದ್ದ ಹೆಡ್‌ಫೋನು. ಎರಡು ಗಂಜಿ ಬಟ್ಟಲುಗಳನ್ನು ಲಾಳದ ಕಬ್ಬಿಣಕ್ಕೆ ಬೆಸೆದ ಹಾಗಿತ್ತು.

"ಸ್ವಲ್ಪ ತೂಕ ಅಲ್ವಾ?" ಅಂದ ಕರ್ಟಿಸ್.

"ತೂಕ ಇದ್ರೆ ಕತ್ತಿಗೂ ವ್ಯಾಯಾಮ." ಗಾರ್ಡಿ ಒಂದು ಮೊಳೆ ಡಬ್ಬಿಯನ್ನು ಸುಮ್ಮನೆ ಅಲ್ಲಾಡಿಸಿದ. "ಅಂದಹಾಗೆ, ಕೆರೆ ಓಟಕ್ಕೆ ಈ ಸಲ ನಿನ್ನ ಹೆಸರು ಬರೆದಿದಾರಂತೆ."

"ಹೂಂ, ಹಾಗಂತಾರೆ."

"ಒಳ್ಳೇದು. ಬಹಳ ಒಳ್ಳೇದು. ಆದ್ರೆ ಭಾರಿ ಕೆಲಸ ಅದು. ನಿನಗೆ ಕಚೇರಿ ಬೇರೆ. ನನ್ನಂಥ ಕೂತು ತಿನ್ನೋನಿಗಾದ್ರೆ ಬೇರೆ ಮಾತು. ಡೇರೆ, ಹಗ್ಗ, ಕುರ್ಚಿ ಎಲ್ಲ ಇಲ್ಲೇ ಕೊಳೀತಾ ಬಿದ್ದಿದೆ, ಅದಿರಲಿ."

ನಿನ್ನ ಕೈಲಿ ಆಗುವುದಿಲ್ಲ ಎಂದು ಚುಚ್ಚುತ್ತಿದ್ದಾನೆ ಎಂದುಕೊಂಡ ಕರ್ಟಿಸ್. ಮಾತಿನಲ್ಲಿ ಸೋಲಬಾರದೆಂದು, "ಒಳ್ಳೆ ಕೆಲಸಾನೇ ಬಿಡು, ಯಾರಾದ್ರೂ ಸಂತೋಷವಾಗಿ ಮಾಡ್ಬಹುದು," ಅಂದ.

"ಅದೂ ನಿಜ," ಅಂದ ಗಾರ್ಡಿ. ಅವನ ಮುಖ ಯಾಕೋ ಗಾಳಿ ಹೋದ ಟೈರಿನಂತಾಯಿತು. "ಇಟ್ಕೋ ಆ ಹೆಡ್‌ಫೋನು. ವಾಪಸು ಕೊಡೋಕೆ ಅವಸರ ಇಲ್ಲ."

ಬಟ್ಟಲುಗಳನ್ನು ಕಟ್ಟಿಕೊಂಡು ಕರ್ಟಿಸ್ ಬೀದಿಗಿಳಿದ. ಮೊದಲ ತಿರುವಿನವರೆಗೆ ಸ್ವರ್ಗ. ಆಮೇಲೆ ಕಿವಿಗಳು ಬೇಯತೊಡಗಿದವು. ಒಳಗೆ ಇಳಿದ ಬೆವರು ಹೊರಹೋಗಲು ದಾರಿಯಿಲ್ಲದೆ, ಅವನು ಬಲಕ್ಕೆ ವಾಲಿದಾಗ ಬಲಕ್ಕೆ, ಎಡಕ್ಕೆ ವಾಲಿದಾಗ ಎಡಕ್ಕೆ ಕುಲುಕಾಡಿತು. ಹೆಜ್ಜೆಗೊಮ್ಮೆ ಕಬ್ಬಿಣದ ಪಟ್ಟಿ ನೆತ್ತಿಯ ಮೇಲೆ ಕುಟ್ಟಿತು. ಎದುರಿಗೆ ನಾಯಿ ಹಿಡಿದು ಬಂದವರಿಗೆ ತಲೆಬಾಗಿ ನಮಸ್ಕರಿಸಿದ್ದೇ ತಡ, ಇಡೀ ಯಂತ್ರ ಜಾರಿ ಅವನ ಕಣ್ಣಿಗೆ ಕೂತಿತು. ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತಾದ ಕರ್ಟಿಸ್ ಅದೇ ವೇಗದಲ್ಲಿ ಹೋಗಿ ಯಾರದೋ ಮನೆಯ ಮುಂದೆ ಕಂಬದ ಮೇಲೆ ಕೂರಿಸಿದ್ದ ಅಂಚೆಪೆಟ್ಟಿಗೆಯನ್ನು ಎದೆಗಪ್ಪಿಕೊಂಡ. ಪೆಟ್ಟಿಗೆ ಬುಡಸಮೇತ ಬಂತು.

"ಪರವಾಗಿಲ್ಲ, ಪರವಾಗಿಲ್ಲ," ಅಂದರು ಆ ಮನೆಯವರು ಜಗುಲಿಯಿಂದ. "ಅದು ಹೇಗೂ ಹಳೇದಾಗಿತ್ತು." ಪೆಟ್ಟಿಗೆ ಹೋದ ವಾರ ನೆಟ್ಟದ್ದು. ಆ ಊರಿನಲ್ಲಿ ಹಾಗೆಯೇ ಹೇಳಬೇಕು.

ಕರ್ಟಿಸ್ ಕೊನೆಗೆ ಹೋಗಿ ಬಿದ್ದದ್ದು ಓಟಗಾರರ ಅಂಗಡಿಗೆ. ಅದರ ಯಜಮಾನ ಟೋಬಿನ್ ನೂಲಿನಷ್ಟು ತೆಳ್ಳಗಿದ್ದ. ನೂರು ಮೈಲಿಯ ಓಟಗಳನ್ನು ಓಡಿ ಓಡಿ ಮೈಯಲ್ಲಿದ್ದ ದಯೆ ದಾಕ್ಷಿಣ್ಯವನ್ನೆಲ್ಲ ಕರಗಿಸಿಕೊಂಡವನು.

"ಎಷ್ಟು ದೂರ ಓಡ್ತೀರಿ?"

"ಮೂರು ಮೈಲಿ."

"ಅದು ಮೈ ಬೆಚ್ಚಗಾಗೋಕೆ. ಆಮೇಲೆ?"

"ಆಮೇಲೆ ಮನೆಗೆ."

ಟೋಬಿನ್ ಕಾಯಿಲೆಯವರ ಕೈ ಹಿಡಿಯುವಂತೆ ಅವನ ಕೈ ಹಿಡಿದು ಒಳಗೆ ಕರೆದೊಯ್ದ. ಗೋಡೆಯ ತುಂಬ ಹೆಡ್‌ಫೋನುಗಳು ಬಾವಲಿಗಳಂತೆ ಜೋತುಬಿದ್ದಿದ್ದವು. ಕಿವಿಗೆ ಕೊಕ್ಕೆ ಹಾಕುವಂಥವು, ಕತ್ತಿನ ಹಿಂದೆ ಹಾಯುವಂಥವು, ಅಣಬೆಯ ಟೊಪ್ಪಿಯ ಹಾಗಿರುವಂಥವು. ಟೋಬಿನ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ತಂದ. "ಇದು ಕಿವಿಗೆ ಹೋಗೋದೇ ಇಲ್ಲ. ಕೆನ್ನೆ ಮೂಳೆ ಮೇಲೆ ಕೂತು ಮೂಳೆ ಮೂಲಕ ಹಾಡುತ್ತೆ. ಗಂಟೆಗಟ್ಟಲೆ ಓಡಿ, ನೋವಿಲ್ಲ, ಬೆವರಿಲ್ಲ. ಕಿವಿ ಪೂರ್ತಿ ತೆರೆದಿರುತ್ತೆ."

"ತೆರೆದಿರುತ್ತಾ? ಅಂದ್ರೆ ಬೇರೆಯವರು ಮಾತಾಡಿದ್ದು..."

"ಒಂದಕ್ಷರ ಬಿಡದೆ ಕೇಳಿಸುತ್ತೆ. ಅದೇ ಇದರ ವಿಶೇಷ."

ಕರ್ಟಿಸ್ ಹಾವು ಕಂಡವನಂತೆ ಹಿಂದೆ ಸರಿದ. "ಏನೂ ಕೇಳಿಸದೆ ಇರೋದು ಕೊಡಿ."

"ಹಿಂದಿನಿಂದ ಗಾಡಿ ಬಂದ್ರೆ?"

"ಗಾಡಿಗಿಂತ ಅಪಾಯದ್ದು ಬರುತ್ತೆ."

"ಮೊದಲು ಇದನ್ನ ಹಾಕ್ಕೊಂಡು ಓಡಿ ನೋಡಿ. ಆಮೇಲೆ ಮಾತಾಡೋಣ." ಟೋಬಿನ್‌ನ ಅಂಗಡಿಯಲ್ಲಿ ಏನನ್ನೇ ಕೊಳ್ಳಲಿ, ಓಡುವ ಯಂತ್ರದ ಮೇಲೆ ಓಡಿ ತೋರಿಸದೆ ಕೊಳ್ಳುವಂತಿರಲಿಲ್ಲ. ಕಾಲುಚೀಲ ಕೊಳ್ಳಲು ಬಂದ ಅಜ್ಜಿಯರೂ ಓಡಿದ್ದರು. ಬೇಡ ಎನ್ನಲು ಬಾರದ ಕರ್ಟಿಸ್ ಯಂತ್ರ ಹತ್ತಿದ. ಓಡುತ್ತ ಕಿಟಕಿಯ ಕಡೆ ನೋಡಿದ. ಮಾರ್ಲಿಸ್ ತಮ್ಮ ಮೂರು ಚಕ್ರದ ಸೈಕಲ್ಲನ್ನು ಹೊರಗೆ ನಿಲ್ಲಿಸಿ ಒಳಗೆ ಬರುತ್ತಿದ್ದರು.

ಏಳು ಕೋಟೆ ದಾಟಿ ಬಂದ ರಾಜಕುಮಾರನಿಗೆ ಎಂಟನೆಯ ಬಾಗಿಲಲ್ಲಿ ರಾಕ್ಷಸಿ ಸಿಕ್ಕಿದರೆ ಕತ್ತಿಯಾದರೂ ಇರುತ್ತದೆ. ಕರ್ಟಿಸ್‌ನ ಬಳಿ ಇದ್ದದ್ದು ವೇಗ ಹೆಚ್ಚಿಸುವ ಗುಂಡಿಯೊಂದೇ. ಅದನ್ನೇ ಒತ್ತಿದ.

"ಓ, ಇಲ್ಲೇ ಇದಾರೆ ಕರ್ಟಿಸ್," ಅಂದರು ಮಾರ್ಲಿಸ್. "ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ ಪಾಪ."

"ಮಾತಾಡಿ ಮಾತಾಡಿ," ಅಂದ ಟೋಬಿನ್. "ಅವರಿಗೆ ಎಲ್ಲ ಕೇಳಿಸುತ್ತೆ. ಅದು ಕಿವಿ ತೆರೆದಿಡೋ ಜಾತಿ."

"ಛೆ ಛೆ, ಓಡ್ತಾ ಇದಾರಲ್ಲ. ಓಡೋರನ್ನ ಮಾತಾಡಿಸಬಾರದು. ನಿಲ್ಲಲಿ, ನಾನು ಕಾಯ್ತೀನಿ." ಮಾರ್ಲಿಸ್ ಬೆಂಚಿನ ಮೇಲೆ ಕೂತು, ಕೈಚೀಲದಿಂದ ಹೆಣಿಗೆ ತೆಗೆದರು.

ಕರ್ಟಿಸ್ ಓಡಿದ. ಮಾರ್ಲಿಸ್ ಹೆಣೆದರು. ನಿಂತರೆ ಅಧ್ಯಕ್ಷ, ನಿಲ್ಲದಿದ್ದರೆ ಹೆಣ, ಎರಡರ ನಡುವೆ ಯಂತ್ರದ ಪಟ್ಟಿ ಅವನ ಕಾಲ ಕೆಳಗೆ ಹಾವಿನಂತೆ ಹರಿಯುತ್ತಲೇ ಇತ್ತು. ಟೋಬಿನ್ ಮೆಲ್ಲಗೆ ಹತ್ತಿರ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, "ನಿಮ್ಮೊಳಗೆ ದೂರದ ಓಟಗಾರ ಒಬ್ಬ ಮಲಗಿದ್ದ. ಇವತ್ತು ಎದ್ದ," ಅಂದ. ಹೆಣಿಗೆಯಲ್ಲಿ ಒಂದು ಕಾಲುಚೀಲದ ಹಿಮ್ಮಡಿ ಮೂಡುವ ಹೊತ್ತಿಗೆ ಮಾರ್ಲಿಸ್ ಗೋಡೆಯ ಗಡಿಯಾರ ನೋಡಿ ಎದ್ದರು. ಸಂಜೆಯ ಊಟಕ್ಕೆ ಅವರು ಆಲೂಗಡ್ಡೆಯ ಕಡಾಯಿಯನ್ನು ಒಲೆಗೆ ಇಡಬೇಕಿತ್ತು.

"ಎಂಥ ಶ್ರದ್ಧೆ," ಅಂದರು ಹೊರಡುತ್ತ. "ಇರಲಿ, ಕೆರೆ ಹತ್ರ ನೋಡ್ತೀನಿ."

ಬಾಗಿಲು ಮುಚ್ಚಿತು. ಕರ್ಟಿಸ್ ಯಂತ್ರದಿಂದ ಇಳಿಯಲಿಲ್ಲ. ಯಂತ್ರವೇ ಅವನನ್ನು ಹಿಂದಕ್ಕೆ ತಂದು, ಬೂಟುಗಳ ರಾಶಿಯ ಮೇಲೆ ಸುರಿಯಿತು. ಅಲ್ಲಿ ಮಲಗಿದ್ದಾಗಲೇ ಅದು ಅವನ ಕಣ್ಣಿಗೆ ಬಿದ್ದದ್ದು. ಕೆಳಗಿನ ಸಾಲಿನಲ್ಲಿ, ಕಿತ್ತಳೆ ಬಣ್ಣದ, ಕಿವಿಯನ್ನು ಸುತ್ತಲೂ ಮುಚ್ಚುವ ಹೆಡ್‌ಫೋನು. ಹಾಕಿಕೊಂಡ. ಮೆತ್ತನೆಯ ಬಟ್ಟೆ, ಗಾಳಿಯಾಡುವ ದಿಂಬು; ಯಾರೋ ಪ್ರೀತಿಯವರು ಹಿಂದಿನಿಂದ ಬಂದು ಎರಡು ಅಂಗೈಗಳಿಂದ ಕಿವಿ ಮುಚ್ಚಿದ ಹಾಗೆ. ತಲೆ ಕೊಡವಿದ, ಜಾರಲಿಲ್ಲ. ಟೋಬಿನ್‌ನ ಬಾಯಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಎಡಗಿವಿಗೆ ಜನ್ಮದಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿತ್ತು. ಬೆಲೆ ಲವಾನ್‌ಗೆ ಹೇಳುವಂಥದಲ್ಲ. ಕರ್ಟಿಸ್ ಕೊಟ್ಟ.

ಮಧ್ಯಾಹ್ನವೆಲ್ಲ ಅವನು ಕೆರೆ ಸುತ್ತಿದ. ಓಡಿದ ಎನ್ನುವುದು ದೊಡ್ಡ ಮಾತು. ಕಾಲುಗಳು ಬೆಂದ ಶಾವಿಗೆಯಂತಾಗಿದ್ದವು. ಆದರೆ ಕಿವಿಯೊಳಗೆ ಮಳೆ ಸುರಿಯುತ್ತಿತ್ತು, ನೀರಿನ ಮೇಲೆ ಬಿಸಿಲು ಮೀನಿನ ಹುರುಪೆಯಂತೆ ಹೊಳೆಯುತ್ತಿತ್ತು. ಎದುರು ಬಂದವರೆಲ್ಲ ಆ ಕಿತ್ತಳೆ ಬಣ್ಣವನ್ನು ದೂರದಿಂದಲೇ ಕಂಡು, ಕೈಯೆತ್ತಿ, ಬಾಯಿ ಮುಚ್ಚಿಕೊಂಡು ದಾಟಿದರು. ಲೋಕ ಇಷ್ಟು ಚೆನ್ನಾಗಿರಬಹುದೆಂದು ಕರ್ಟಿಸ್‌ಗೆ ಗೊತ್ತೇ ಇರಲಿಲ್ಲ.

ನೆರಳು ಉದ್ದವಾಗುವ ಹೊತ್ತಿಗೆ ಪಕ್ಕದಲ್ಲಿ ಒಂದು ಚಕ್ರ ಕಾಣಿಸಿತು. ಆಮೇಲೆ ಇನ್ನೊಂದು. ಮಾರ್ಲಿಸ್ ಸೈಕಲ್ ತುಳಿಯುತ್ತ ಅವನ ಸರಿಸಮಕ್ಕೆ ಬಂದಿದ್ದರು. ಮುಖದ ತುಂಬ ಕ್ಷಮೆ ಕೇಳುವ ಭಾವ; ಜನ್ಮದಲ್ಲೇ ಮುರಿಯದ ನಿಯಮವನ್ನು ಮುರಿಯುತ್ತಿರುವವರ ಸಂಕಟ. ಅವರ ತುಟಿಗಳು ಅಲ್ಲಾಡಿದವು.

ಇದೇ ಆ ಪ್ರಶ್ನೆ ಎಂದು ಕರ್ಟಿಸ್‌ಗೆ ತಿಳಿಯಿತು. ಮಳೆಯ ಸದ್ದನ್ನು ತುದಿಗೆ ಏರಿಸಿ, ಕಿವಿಗಳನ್ನು ಬೆರಳಿಂದ ತೋರಿಸಿ, ಕೇಳಿಸುವುದಿಲ್ಲ ಎಂದು ತಲೆ ಅಲ್ಲಾಡಿಸಿದ.

ಮಾರ್ಲಿಸ್‌ರ ಹುಬ್ಬು ಮೇಲೇರಿತು. ಇನ್ನೊಮ್ಮೆ ಕೇಳಿದರು. ಕರ್ಟಿಸ್ ಇನ್ನೂ ಜೋರಾಗಿ ತಲೆ ಅಲ್ಲಾಡಿಸಿದ. ಒರಟಾಗಬಾರದೆಂದು ಜೊತೆಗೊಂದು ನಗುವನ್ನೂ ಸೇರಿಸಿದ. ಮಾರ್ಲಿಸ್ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವನನ್ನು ಈವರೆಗೆ ಕಂಡೇ ಇರದವರಂತೆ ನೋಡಿ, ಸೈಕಲ್ ತಿರುಗಿಸಿ ಹೊರಟುಹೋದರು.

ಕರ್ಟಿಸ್ ಎರಡೂ ಕೈ ಆಕಾಶಕ್ಕೆತ್ತಿದ. ಗೆದ್ದಿದ್ದ. ಬೇಸಿಗೆಯ ಬೆಳಗುಗಳೆಲ್ಲ ಅವನವೇ.

ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದದ ಮೇಜುಗಳ ಮೇಲೆ ಮನೆಮನೆಯ ಕಡಾಯಿಗಳು ಹೊಗೆಯಾಡುತ್ತಿದ್ದವು. ಕರ್ಟಿಸ್ ಕುರ್ಚಿಯಲ್ಲಿ ಕೂತದ್ದಲ್ಲ, ಲವಾನ್ ಅವನನ್ನು ಕೂರಿಸಿದ್ದು. ಆದರೂ ಅವನ ಮುಖದಲ್ಲಿ ಮದುಮಗನ ಕಳೆಯಿತ್ತು. ಮಾರ್ಲಿಸ್ ಎದ್ದು ಲೋಟಕ್ಕೆ ಚಮಚ ತಟ್ಟಿದರು.

"ಕೆರೆ ಓಟದ ವಿಷಯ," ಅಂದರು. "ಈ ಊರಲ್ಲಿ ಯಾರೂ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಲ್ಲ. ಆದ್ರೆ ನಿನ್ನೆ ರಾತ್ರಿ ನಮ್ಮ ಗಾರ್ಡಿ ಫೋನ್ ಮಾಡಿದ. ಅಧ್ಯಕ್ಷ ಆಗಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇಟ್ಕೊಂಡಿದ್ನಂತೆ. ಡೇರೆನೂ ಹೊಲಿಸಿ ಇಟ್ಟಿದಾನಂತೆ, ಪಾಪ."

ಮೂಲೆಯಲ್ಲಿ ಗಾರ್ಡಿ ತಲೆ ತಗ್ಗಿಸಿಕೊಂಡಿದ್ದ. ಕರ್ಟಿಸ್‌ಗೆ ಎದ್ದು ಅವನನ್ನು ಮುದ್ದಾಡಬೇಕೆನಿಸಿತು. ಕಾಲು ಏಳಲಿಲ್ಲ.

"ಆದ್ರೆ ಕರ್ಟಿಸ್ ಹೆಸರು ಆಗಲೇ ಬರೆದಾಗಿತ್ತಲ್ಲ. ಬರೆದ ಹೆಸರನ್ನ ಅವರನ್ನ ಒಂದು ಮಾತು ಕೇಳದೆ ಹೊಡೆದು ಹಾಕೋದು ಹೇಗೆ? ಬೆಳಿಗ್ಗೆಯಿಂದ ಅವರ ಹಿಂದೆ ಸುತ್ತಿದೆ. ಅವರು ಹಾಕಿರೋದು ಎಲ್ಲ ಕೇಳಿಸೋ ಜಾತಿದು ಅಂತ ಟೋಬಿನ್ ಅಂಗಡೀಲೇ ಹೇಳಿದ್ನಲ್ಲ. ಕೊನೆಗೆ ಕೆರೆ ಹತ್ರ, ದೇವರು ಕ್ಷಮಿಸಲಿ, ಓಡ್ತಿದ್ದೋರನ್ನೇ ಕೇಳಿಬಿಟ್ಟೆ. 'ಕರ್ಟಿಸ್, ಇದನ್ನ ಗಾರ್ಡಿಗೆ ಬಿಟ್ಟುಕೊಡ್ತೀರಾ' ಅಂತ."

ಮಾರ್ಲಿಸ್ ಚಮಚ ಕೆಳಗಿಟ್ಟು ಕರ್ಟಿಸ್ ಕಡೆ ತಿರುಗಿದರು.

"ಇಲ್ಲ ಅಂದ್ರು. ತಲೆ ಅಲ್ಲಾಡಿಸಿ. ನಾನೇ ತಪ್ಪು ತಿಳ್ಕೊಂಡೆನೇನೋ ಅಂತ ಇನ್ನೊಂದು ಸಲ ಕೇಳಿದೆ. ಇಂಥ ಮಾತು ನನ್ನ ಕಿವಿಗೆ ಬೀಳಬಾರದು ಅಂತ ಕಿವಿ ತೋರಿಸಿದ್ರು. ನಗ್ತಾ ನಗ್ತಾ ಇಲ್ಲ ಅಂದ್ರು. ಇಷ್ಟು ವರ್ಷ ಶಾಲೆ ನಡೆಸಿದೀನಿ, ದೊಡ್ಡವರೊಬ್ಬರು ನನ್ನ ಮುಖ ನೋಡಿ ಇಲ್ಲ ಅಂದದ್ದು ಇದೇ ಮೊದಲು. ಅಷ್ಟು ಪ್ರೀತಿ ಅವರಿಗೆ ಈ ಓಟದ ಮೇಲೆ."

ನೆಲಮಾಳಿಗೆಯ ತುಂಬ ಚಪ್ಪಾಳೆ, ಕಡಾಯಿಗಳ ಮುಚ್ಚಳ ಅದುರುವಷ್ಟು.

"ಕೇಳಿಸಲಿಲ್ಲ ಅಂತ ಹೇಳು," ಲವಾನ್ ಅವನ ಪಕ್ಕೆಗೆ ತಿವಿದು ಪಿಸುಗುಟ್ಟಿದಳು.

"ಇಷ್ಟು ಜನರ ಮುಂದೆ ಮಾರ್ಲಿಸ್ ತಪ್ಪು ತಿಳ್ಕೊಂಡ್ರು ಅಂತ ಹೇಳೋದಾ?"

ಲವಾನ್ ಯೋಚಿಸಿದಳು. "ಬೇಡ," ಅಂದಳು.

ಗಾರ್ಡಿ ಮೇಜು ಸುತ್ತಿಕೊಂಡು ಬಂದು ಅವನ ಕೈ ಹಿಡಿದುಕೊಂಡ. "ನಿನಗೆ ಇಷ್ಟು ಆಸೆ ಇದೆ ಅಂತ ಗೊತ್ತಿದ್ದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ ಕಣೋ. ಬೆಳಿಗ್ಗೆ ಸೂಚನೆ ಕೊಟ್ಟೆ ನೀನು, ನನಗೇ ಅರ್ಥ ಆಗಲಿಲ್ಲ. ಇನ್ನು ಜನ್ಮದಲ್ಲಿ ಆ ಕುರ್ಚಿ ಕಡೆ ತಿರುಗಿ ನೋಡಲ್ಲ. ಅದು ನಿನ್ನದೇ, ಎಷ್ಟು ವರ್ಷ ಬೇಕಾದ್ರೂ ಇಟ್ಕೋ."

"ಅಯ್ಯೋ, ಹಾಗಲ್ಲ ಗಾರ್ಡಿ..." ಅಂದ ಕರ್ಟಿಸ್.

"ಏನೂ ಹೇಳಬೇಡ. ನಾನು ಸಂತೋಷವಾಗೇ ಬಿಟ್ಕೊಡ್ತಿದೀನಿ." ಗಾರ್ಡಿ ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಹೋದ.

ಮಾರ್ಲಿಸ್ ಮತ್ತೆ ಚಮಚ ತಟ್ಟಿದರು. "ಇನ್ನೊಂದು ವಿಷಯ. ಡಿಸೆಂಬರಿನ ಮೀನೂಟದ ಉಸ್ತುವಾರಿಯೂ ಖಾಲಿ ಇದೆ. ಒಣಮೀನು ನೆನೆಹಾಕೋದರಿಂದ ಹಿಡಿದು ಕೊನೆಗೆ ಪಾತ್ರೆ ತೊಳೆಸೋವರೆಗೆ ಎಲ್ಲ ನೋಡ್ಕೋಬೇಕು. ವಾಸನೆ ತಿಂಗಳಾದ್ರೂ ಹೋಗಲ್ಲ, ನಾನು ಸುಳ್ಳು ಹೇಳಲ್ಲ. ಕರ್ಟಿಸ್, ನಿಮ್ಮನ್ನ ಕೇಳೋಕೆ ಈಗ ಯಾರಿಗೂ ಸಂಕೋಚ ಇಲ್ಲ. ಬೇಡ ಅಂದ್ರೆ ಬೇಡ ಅಂತ ನೇರವಾಗಿ ಹೇಳೋರು ನೀವು. ಹೇಳಿ. ಆಗುತ್ತಾ, ಇಲ್ಲವಾ?"

ಚಮಚಗಳೆಲ್ಲ ನಿಂತವು. ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಇಡೀ ಊರು, ಆ ಪವಾಡವನ್ನು ತನ್ನ ಕಣ್ಣಾರೆ ಕಾಣಲೆಂದು ಕತ್ತು ಚಾಚಿ ಕಾಯುತ್ತಿತ್ತು. ಕರ್ಟಿಸ್ ಎದ್ದು ನಿಂತ. ಎರಡು ಕಿವಿಯೂ ತೆರೆದಿದ್ದವು, ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತ್ತು. ಬಾಯಿ ತೆರೆದ. ಆ ಮಾತು ಗಂಟಲಿನವರೆಗೆ ಬಂತು, ನಾಲಿಗೆಯ ತುದಿಯಲ್ಲಿ ನಿಂತು ಸುತ್ತಲಿನ ಮುಖಗಳನ್ನೆಲ್ಲ ನೋಡಿತು.

"ಅದೇನು ದೊಡ್ಡ ವಿಷಯ ಬಿಡಿ ಮಾರ್ಲಿಸ್," ಅಂದ ಕರ್ಟಿಸ್. "ಮಾಡೋಣ."